ಅತ್ತೆ, ಕೊನ್ಯಾ ಬಿಡಬೇಡಿ

ಅತ್ತೆ, ಮೆಸೇಜ್ ನೋಡ್ದೆ. ಟರ್ಕೀಲಿ ಕಪ್ಪಡೋಕಿಯಾದಿಂದ ಪಮುಕ್ಕಲೆಗೆ ಹೋಗೋ ದಾರೀಲಿ ಟೂರ್‌ನೋರು ಕೊನ್ಯಾದಲ್ಲಿ ಒಂದು ಗಂಟೆ ನಿಲ್ಲಿಸ್ತಾರೆ, ಅಷ್ಟು ಸಾಕಾ, ಮಾವನ ಮಂಡಿಗೆ ಕಷ್ಟ ಆಗತ್ತಾ, ಊಟಕ್ಕೇನು ಅಂತ ಕೇಳಿದ್ರಲ್ಲ. ಟೈಪ್ ಮಾಡೋಕೆ ಸೋಮಾರಿತನ, ಮಾತಾಡಿಬಿಡ್ತೀನಿ.

ಸಾಲಲ್ಲ ಅತ್ತೆ, ಒಂದು ರಾತ್ರಿ ಉಳ್ಕೊಳ್ಳಿ. ಆ ಒಂದು ಗಂಟೇಲಿ ಮೆವ್ಲಾನಾ ಮ್ಯೂಸಿಯಂ ಮುಂದೆ ಫೋಟೋ ತೆಗೆದು ಬಸ್ ಹತ್ತೋದೇ ಆಗತ್ತೆ. ಸೂಫಿ ಕವಿ ರೂಮಿ ಸಮಾಧಿ ಇರೋದು ಅಲ್ಲೇ, ಮೆವ್ಲಾನಾ ಅಂದ್ರೆ ಅವರೇ, ತೀರಿಕೊಂಡಿದ್ದು 1273ರ ಡಿಸೆಂಬರ್ 17. 1925ರಲ್ಲಿ ಸರ್ಕಾರ ದರ್ವೇಶಿಗಳ, ಅಂದ್ರೆ ಸೂಫಿ ಸಾಧಕರ, ಮಠಗಳನ್ನೆಲ್ಲ ಮುಚ್ಚಿಸಿದ್ಮೇಲೆ ಇದನ್ನ ಮ್ಯೂಸಿಯಂ ಮಾಡಿದ್ರು. ಹೆಸರಿಗಷ್ಟೇ ಮ್ಯೂಸಿಯಂ, ಒಳಗೆ ಜನ ಕೈ ಎತ್ತಿ ಬೇಡ್ಕೊಳ್ತಾ ನಿಂತಿರ್ತಾರೆ. ತಲೆ ಮೇಲೊಂದು ದುಪಟ್ಟಾ ಇರ್ಲಿ. ಸಾಧ್ಯ ಆದ್ರೆ ಶನಿವಾರ ಬೀಳೋ ಹಾಗೆ ನೋಡ್ಕೊಳ್ಳಿ, ಸಾಮಾನ್ಯವಾಗಿ ಅವತ್ತು ಸಂಜೆ ಮೆವ್ಲಾನಾ ಕಲ್ಚರಲ್ ಸೆಂಟರಲ್ಲಿ ಸೆಮಾ ಇರತ್ತೆ, ಆ ಬಿಳಿ ಬಟ್ಟೆ ಹಾಕ್ಕೊಂಡು ಸುತ್ತೋದು. ಚಪ್ಪಾಳೆ ಹೊಡೀಬೇಡಿ, ಅವರಿಗೆ ಅದು ಪ್ರಾರ್ಥನೆ.

ನನಗೆ ತುಂಬಾ ಹಿಡಿಸಿದ್ದು ಕರಾತಾಯ್ ಮದ್ರಸಾ. 1251ರದ್ದು, ಸೆಲ್ಜುಕ್ ಸುಲ್ತಾನರ ಕಾಲ, ಕೊನ್ಯಾ ಅವಾಗ ಅವರ ರಾಜಧಾನಿ. ಗುಮ್ಮಟದ ಒಳಗೆಲ್ಲ ನೀಲಿ ಹೆಂಚು, ನಕ್ಷತ್ರ ನಕ್ಷತ್ರ ನಕ್ಷೆ. ಕತ್ತು ನೋಯೋವರೆಗೂ ನೋಡಿದ್ದೀನಿ. ಹತ್ತಿರದಲ್ಲೇ ಇಂಜೆ ಮಿನಾರೆ ಅನ್ನೋ ಇನ್ನೊಂದು ಮದ್ರಸಾ ಇದೆ, ಬಾಗಿಲ ಸುತ್ತ ಕಲ್ಲಲ್ಲಿ ರಿಬ್ಬನ್ ಕಟ್ಟಿದ ಹಾಗೆ ಕೆತ್ತಿದ್ದಾರೆ. ಮಿನಾರಿನ ಮೇಲ್ಭಾಗ 1901ರಲ್ಲಿ ಸಿಡಿಲು ಬಡಿದು ಬಿದ್ದೋಯ್ತು. ಊರು ಚಪ್ಪಟೆ, ಟ್ರಾಮ್ ಇದೆ, ಮಾವನಿಗೆ ಏನೂ ತೊಂದ್ರೆ ಇಲ್ಲ.

ಮಾರನೇ ದಿನ ಟ್ಯಾಕ್ಸಿ ಮಾಡ್ಕೊಂಡು ಚತಾಲ್‌ಹೊಯುಕ್‌ಗೆ ಹೋಗಿ, ಐವತ್ತು ಕಿಲೋಮೀಟರ್ ಒಳಗೆ. ಸುಮಾರು 9000 ವರ್ಷದ ಹಿಂದಿನ ಊರು ಅತ್ತೆ! ಬೀದೀನೇ ಇಲ್ಲ, ಗೋಡೆಗೆ ಗೋಡೆ ಅಂಟ್ಕೊಂಡಿರೋ ಮನೆಗಳು, ಮಾಳಿಗೆ ಮೇಲಿಂದ ಏಣಿ ಇಳಿದು ಒಳಗೆ ಬರ್ತಿದ್ರು. ಸತ್ತೋರನ್ನ ಮನೆ ನೆಲದ ಕೆಳಗೇ ಹೂಳ್ತಿದ್ರು. ಹಂಪಿ ಥರ ಕಂಬ, ಗೋಪುರ ಅಂದ್ಕೊಂಡು ಹೋಗ್ಬೇಡಿ, ಶೆಡ್ ಕೆಳಗೆ ಮಣ್ಣಿನ ಗೋಡೆಗಳು, ಅಷ್ಟೇ. ಹುಡುಗರಿಗೆ ಬೋರು. ಮಾವ ಮಾತ್ರ ಅಲ್ಲಿಂದ ಎದ್ದು ಬರಲ್ಲ, ನೋಡ್ತಿರಿ.

ಊಟ ಸ್ವಲ್ಪ ಕಷ್ಟಾನೇ. ಅಲ್ಲಿನ ಹೆಸರಾಂತ ಎತ್ಲಿಎಕ್‌ಮೆಕ್ ಅನ್ನೋ ರೊಟ್ಟಿ ತುಂಬ ಕೀಮಾ. ಮೆನುವಲ್ಲಿ ಬೆಂಡೆಕಾಯಿ ಸೂಪ್ ಕಂಡು ಖುಷಿ ಪಡ್ಬೇಡಿ, ಅದಕ್ಕೂ ಮಾಂಸ ಹಾಕ್ತಾರೆ. "ಎತ್‌ಸಿಜ್", ಮಾಂಸ ಬೇಡ, ಅಂತ ಹೇಳಿ ಚೀಸ್ ಪಿದೆ, ಪಿಜ್ಜಾ ಥರದ ರೊಟ್ಟಿ, ತಗೊಳ್ಳಿ. ಚಟ್ನಿಪುಡಿ ಹೇಗೂ ನಿಮ್ಮ ಬ್ಯಾಗಲ್ಲಿ ಇರತ್ತೆ, ಬಿಡಿ.

ಟೂರ್‌ನೋರಿಗೆ ಇವತ್ತೇ ಫೋನ್ ಮಾಡಿ, ಒಪ್ಪಿದ್ರೆ ತಾರೀಕು ಇಲ್ಲೇ ಹಾಕಿ, ಹೋಟೆಲ್ ನಾನು ನೋಡ್ತೀನಿ.