ತುಡುವೆ ಜೇನು ಪೆಟ್ಟಿಗೆ ತುಂಬುತ್ತಿದೆ, ಸೂಪರ್ ಈಗಲೇ ಇಡಬಹುದಾ?

ತೋಟದಮನೆ, ಸುಳ್ಯ

ನಮಸ್ಕಾರ. ಕಳೆದ ಅಕ್ಟೋಬರ್‌ನಲ್ಲಿ ಮೂರು ತುಡುವೆ ಪೆಟ್ಟಿಗೆ ತಂದು ಮನೆಯ ಹಿಂದೆ ಅಡಿಕೆ ತೋಟದ ಬದಿಯಲ್ಲಿ ಇಟ್ಟಿದ್ದೇನೆ. ನ್ಯೂಟನ್ ಮಾದರಿ ಪೆಟ್ಟಿಗೆ, ಕೆಳಗೆ 7 ಫ್ರೇಮ್. ತರುವಾಗ ನಾಲ್ಕು ನಾಲ್ಕು ಎರಿ (ಫ್ರೇಮಿನಲ್ಲಿ ಜೇನುನೊಣ ಕಟ್ಟುವ ಮೇಣದ ಗೂಡು) ಇತ್ತು. ಈಗ ಜನವರಿ ಕೊನೆ. ಒಂದು ಪೆಟ್ಟಿಗೆಯಲ್ಲಿ ಏಳೂ ಫ್ರೇಮಿನ ಮೇಲೆ ನೊಣ ಇದೆ, ಸಂಜೆ ಹೊತ್ತು ಬಾಗಿಲ ಹತ್ತಿರ ಗೊಂಚಲಾಗಿ ಜೋತುಬಿದ್ದಿರುತ್ತವೆ. ಎರಡನೆಯದರಲ್ಲಿ ಐದು ಎರಿ. ಮೂರನೆಯದು ತಂದಾಗ ಹೇಗಿತ್ತೋ ಹಾಗೇ ಇದೆ. ಪಕ್ಕದಲ್ಲೇ ರಬ್ಬರ್ ತೋಟ, ಎಲೆ ಪೂರ್ತಿ ಉದುರಿ ಈಗ ಕೆಂಪು ಚಿಗುರು ಹೊರಟಿದೆ.

ಸೂಪರ್ (ಜೇನುತುಪ್ಪಕ್ಕೆಂದು ಮೇಲೆ ಇಡುವ ಪೆಟ್ಟಿಗೆ) ಮೂರು ತಂದಿಟ್ಟಿದ್ದೇನೆ. ಮೂರಕ್ಕೂ ಒಂದೇ ದಿನ ಇಟ್ಟುಬಿಡಲಾ, ಕಾಯಲಾ? ಹೋದ ವರ್ಷ ತವರುಮನೆಯಲ್ಲಿ ತಡ ಮಾಡಿ ಒಳ್ಳೆಯ ಜೇನು ಕುಟುಂಬವೊಂದು ಪಾಲಾಗಿ (ಹಳೆ ರಾಣಿ ಒಂದಷ್ಟು ನೊಣ ಕಟ್ಟಿಕೊಂಡು ಹೊರಟು) ಕಾಡು ಸೇರಿತು, ಅಪ್ಪ ತುಂಬಾ ಬೇಜಾರು ಮಾಡಿಕೊಂಡಿದ್ದರು. ಅದಕ್ಕೇ ಹೆದರಿಕೆ. ರಾಣಿ ಮೇಲೆ ಹತ್ತದ ಹಾಗೆ ನಡುವೆ ಜಾಲರಿ ಬೇಕಾ? ಫ್ರೇಮ್ ಖಾಲಿ ಇಟ್ಟರೆ ಅವು ತಾವಾಗಿ ಹತ್ತಿ ಎರಿ ಕಟ್ಟುತ್ತವಾ?

ತುಡುವೆಗೂಡು, ಪುತ್ತೂರು

ಮೂರಕ್ಕೂ ಒಟ್ಟಿಗೆ ಇಡಬೇಡಿ ಮಾರಾಯ್ರೆ. ಮೊದಲನೆಯದಕ್ಕೆ ಮಾತ್ರ ಇಡಿ, ಅದನ್ನು ಈ ವಾರವೇ ಇಡಿ.

ನೊಣ ಎಷ್ಟಿದೆ ಎಂದು ನೋಡಿದರೆ ಸಾಲದು ಅಕ್ಕ. ಮುಚ್ಚಳ ತೆಗೆದು ಫ್ರೇಮಿನ ಮೇಲ್ಪಟ್ಟಿ ನೋಡಿ. ಅಲ್ಲಿ ಹೊಸ ಮೇಣ ಬೆಳ್ಳಗೆ ಸುಣ್ಣ ಬಳಿದ ಹಾಗೆ ಕಂಡರೆ ಒಳಗೆ ಮಕರಂದ ಬರುತ್ತಿದೆ, ಜಾಗ ಸಾಲುತ್ತಿಲ್ಲ ಎಂದು ಅರ್ಥ. ಆಮೇಲೆ ನಡುವಿನ ಎರಿ ಎತ್ತಿ ನೋಡಿ. ಮೊಟ್ಟೆ-ಮರಿಯ ಮೇಲುಗಡೆ, ಎರಡೂ ಮೂಲೆಯಲ್ಲಿ ಹೊಸ ತುಪ್ಪ ಮಿನುಗುತ್ತಿರಬೇಕು. ಕೊನೆಯ ಎರಡು ಎರಿಯ ಹೊರಬದಿಗೂ ನೊಣ ಮುಚ್ಚಿಕೊಂಡಿರಬೇಕು. ಈ ಮೂರೂ ಇದ್ದರೆ ಒಂದು ದಿನವೂ ಕಾಯುವುದು ಬೇಡ. ಯಾಕೆಂದರೆ ಮೇಲೆ ಜಾಗ ಇಲ್ಲದಾಗ ಅವು ಮರಿ ಎದ್ದು ಹೋದ ಕಣಕ್ಕೇ ತುಪ್ಪ ತುಂಬುತ್ತವೆ, ರಾಣಿಗೆ ಮೊಟ್ಟೆ ಇಡಲು ಜಾಗ ಸಿಗುವುದಿಲ್ಲ, ಪಾಲಾಗುವ ಯೋಚನೆ ಶುರುವಾಗುವುದೇ ಅಲ್ಲಿಂದ. ಸಂಜೆ ಬಾಗಿಲಲ್ಲಿ ಜೋತುಬೀಳುವುದು ಬರೀ ಸೆಕೆಗೂ ಇರಬಹುದು, ಅದೊಂದನ್ನೇ ನಂಬಬೇಡಿ.

ಐದು ಎರಿಯದಕ್ಕೆ ಇನ್ನೂ ಕೆಳಗೇ ಎರಡು ಫ್ರೇಮ್ ಜಾಗ ಇದೆ, ಅದನ್ನು ಕಟ್ಟಲಿ. ನಾಲ್ಕರದ್ದಕ್ಕೆ ಈಗ ಸೂಪರ್ ಇಟ್ಟರೆ ತೊಂದರೆಯೇ ಜಾಸ್ತಿ. ಅಷ್ಟು ದೊಡ್ಡ ಖಾಲಿ ಜಾಗವನ್ನು ಬೆಚ್ಚಗಿಡಲು, ಕಾಯಲು ಇರುವ ನೊಣ ಸಾಲದು. ಇರುವೆ, ಮೇಣದ ಹುಳು ಸೇರಿಕೊಳ್ಳುತ್ತವೆ. ನನ್ನದೇ ಒಂದು ಕುಟುಂಬ ಹೀಗೆ ಗೂಡು ಬಿಟ್ಟು ಹೋಗಿದೆ. ತುಡುವೆ ಬೇಸರವಾದರೆ ನಿಲ್ಲುವ ಜಾತಿಯಲ್ಲ.

ಜಾಲರಿ ನಾನು ಹಾಕುವುದಿಲ್ಲ. ಸೂಪರ್ ಫ್ರೇಮಿನ ಎತ್ತರ ಕೆಳಗಿನದರ ಅರ್ಧಕ್ಕಿಂತ ಕಡಿಮೆ, ನಡುವೆ ತುಪ್ಪದ ಪಟ್ಟಿ ಬೇರೆ ಅಡ್ಡ ಇರುತ್ತದೆ. ರಾಣಿ ಮೇಲೆ ಹೋಗುವುದು ಅಪರೂಪ.

ಬರೀ ಖಾಲಿ ಫ್ರೇಮ್ ಇಟ್ಟರೆ ಕೆಲವು ಕುಟುಂಬ ಹತ್ತುತ್ತವೆ, ಕೆಲವು ವಾರಗಟ್ಟಲೆ ಅತ್ತ ನೋಡುವುದೇ ಇಲ್ಲ. ಯಾರ ಹತ್ತಿರವಾದರೂ ಹೋದ ವರ್ಷದ ಕಟ್ಟಿದ ಸೂಪರ್ ಎರಿ ಇದ್ದರೆ ಎರಡು ಕೇಳಿ ತನ್ನಿ, ರೋಗ ಇಲ್ಲದ ಪೆಟ್ಟಿಗೆಯದು ಎಂದು ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ ಒಂದು ಹಸಿ ಎರಿ ತುಂಡನ್ನು ಬಾಳೆ ನಾರಿನಲ್ಲಿ ಫ್ರೇಮಿಗೆ ಕಟ್ಟಿ ನಡುವೆ ಇಡಿ. ಉಳಿದ ಫ್ರೇಮಿಗೆ ಮೇಣದ ಹಾಳೆಯ ಸಣ್ಣ ಪಟ್ಟಿ ಅಂಟಿಸಿದರೆ ಸಾಕು, ಎರಿ ನೇರವಾಗಿ ಬರುತ್ತದೆ.

ಘಟ್ಟದಮೇಲೆ, ಶಿರಸಿ

ಪುತ್ತೂರಿನ ಅಣ್ಣ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಸೂಪರ್ ಇಡುವ ಮೊದಲು ಪ್ರತಿಯೊಂದು ಎರಿಯ ಕೆಳ ಅಂಚು ನೋಡಿ. ಶೇಂಗಾ ಕಾಯಿಯ ಹಾಗೆ ಕೆಳಮುಖವಾಗಿ ಇಳಿಬಿದ್ದದ್ದು ರಾಣಿ ಕೋಶ. ಅದು ಶುರುವಾಗಿದ್ದರೆ ಮೇಲೆ ಎಷ್ಟು ಜಾಗ ಕೊಟ್ಟರೂ ಪ್ರಯೋಜನ ಕಮ್ಮಿ, ಹೊರಡಬೇಕೆಂದು ತೀರ್ಮಾನ ಮಾಡಿಯಾಗಿರುತ್ತದೆ. ಮೊಟ್ಟೆ ಇಟ್ಟು ಎಂಟು ದಿನದ ಹೊತ್ತಿಗೆ ರಾಣಿ ಕೋಶದ ಬಾಯಿ ಮುಚ್ಚುತ್ತದೆ, ಮುಚ್ಚಿದ ಮೇಲೆ ಹಳೆ ರಾಣಿ ಯಾವ ದಿನವಾದರೂ ಹೊರಡಬಹುದು. ಅದಕ್ಕೇ ಮಕರಂದದ ಸುಗ್ಗಿಯಲ್ಲಿ ಆರೇಳು ದಿನಕ್ಕೊಮ್ಮೆ ನೋಡಲೇಬೇಕು. ಹದಿನೈದು ದಿನಕ್ಕೊಮ್ಮೆ ನೋಡುತ್ತೇನೆ ಎನ್ನುವವರ ಪೆಟ್ಟಿಗೆಯೇ ಖಾಲಿಯಾಗುವುದು.

ತೋಟದಮನೆ, ಸುಳ್ಯ

ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಬಿಸಿಲು ಬಂದ ಮೇಲೆ ತೆಗೆದು ನೋಡಿದೆ. ಮೇಲ್ಪಟ್ಟಿಯಲ್ಲಿ ಬಿಳಿ ಮೇಣ ಇದೆ. ಆದರೆ ಮೂರನೇ ಎರಿಯ ಕೆಳಗೆ ಎರಡು ರಾಣಿ ಕೋಶ! ಒಂದರ ಬಾಯಿ ತೆರೆದಿದೆ, ಒಳಗೆ ಹಾಲಿನ ಹಾಗೆ ಬೆಳ್ಳಗೆ ಇದೆ. ಇನ್ನೊಂದು ಮುಚ್ಚುತ್ತಾ ಬಂದಿದೆ. ರಾಣಿ ಕೂಡ ಕಣ್ಣಿಗೆ ಬಿದ್ದಳು. ಗಂಡು ನೊಣವೂ ತುಂಬಾ ಇವೆ. ಕೋಶ ಚಿವುಟಿ ಹಾಕಿ ಸೂಪರ್ ಇಟ್ಟರೆ ಸಾಕಾಗುತ್ತದಾ?

ತುಡುವೆಗೂಡು, ಪುತ್ತೂರು

ಚಿವುಟಿದರೆ ವಾರದಲ್ಲಿ ಮತ್ತೆ ಕಟ್ಟುತ್ತವೆ. ನಿಮ್ಮ ಹತ್ತಿರ ಖಾಲಿ ಪೆಟ್ಟಿಗೆ ಇದ್ದರೆ ನಾಳೆಯೇ ಪಾಲು ಮಾಡಿ. ಮುಚ್ಚಿದ ಮರಿ ಇರುವ ಎರಡು ಎರಿ, ಜೊತೆಗೆ ರಾಣಿ ಕೋಶ ಇರುವ ಆ ಮೂರನೇ ಎರಿ, ಅದರ ಮೇಲಿನ ನೊಣದ ಸಮೇತ ಹೊಸ ಪೆಟ್ಟಿಗೆಗೆ. ಮುಚ್ಚುತ್ತಿರುವ ಕೋಶ ಒಂದನ್ನು ಉಳಿಸಿ, ಇನ್ನೊಂದು ತೆಗೆಯಿರಿ. ಹಳೆ ರಾಣಿ ಮಾತ್ರ ಹೊಸ ಪೆಟ್ಟಿಗೆಗೆ ಹೋಗದ ಹಾಗೆ ನೋಡಿಕೊಳ್ಳಿ, ಅವಳು ಹಳೆ ಜಾಗದಲ್ಲೇ ಇರಲಿ. ಹೊರಗೆ ದುಡಿಯುವ ನೊಣ ಎಲ್ಲಾ ಹಳೆ ಜಾಗಕ್ಕೇ ಹಿಂದಿರುಗುತ್ತವೆ, ಹಾಗಾಗಿ ರಬ್ಬರ್ ತುಪ್ಪ ನಿಮಗೆ ಅಲ್ಲಿಯೇ ಸಿಗುತ್ತದೆ. ತೆಗೆದ ಮೂರರ ಜಾಗಕ್ಕೆ ಮೇಣದ ಹಾಳೆ ಹಾಕಿದ ಫ್ರೇಮ್ ಕೊಡಿ. ಅದನ್ನು ಅರ್ಧ ಕಟ್ಟಿದ ಮೇಲೆ ಸೂಪರ್ ಇಡಿ, ಹತ್ತು ದಿನ ತಡವಾದರೂ ಚಿಂತೆ ಇಲ್ಲ. ಚಿಗುರು ಕೆಂಪಿನಿಂದ ತಿಳಿ ಹಸಿರಿಗೆ ತಿರುಗುವಾಗ, ಮೂರು ಎಲೆ ಕೂಡುವ ಗಂಟಿನಲ್ಲಿ ರಸ ಬರುತ್ತದಲ್ಲ, ಸುಗ್ಗಿ ಆಗಲೇ.

ಕಾಫಿಕಣ, ಮಡಿಕೇರಿ

ಎರಡನೇ ಸೂಪರ್ ಬಗ್ಗೆ ಯಾರೂ ಹೇಳಿಲ್ಲ. ಮೊದಲನೆಯದು ಮುಕ್ಕಾಲು ತುಂಬಿದ ಮೇಲೆ ಅದನ್ನು ಎತ್ತಿ, ಹೊಸದನ್ನು ಸಂಸಾರ ಕೋಣೆಯ (ಮೊಟ್ಟೆ-ಮರಿ ಇರುವ ಕೆಳಗಿನ ಪೆಟ್ಟಿಗೆ) ಮೇಲೆ, ತುಂಬಿದ್ದರ ಕೆಳಗೆ ಇಡುತ್ತೇನೆ. ನೊಣ ಮೇಲೆ ಕೆಳಗೆ ಓಡಾಡುವಾಗ ಹೊಸದರ ಮೂಲಕವೇ ಹೋಗಬೇಕು, ಬೇಗ ಕಟ್ಟುತ್ತವೆ. ಇಲ್ಲಿ ಕಾಫಿ ಹೂ ನಾಲ್ಕೈದು ದಿನದ ಆಟ. ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಅಷ್ಟರೊಳಗೆ ಎರಿ ಕಟ್ಟಿ ತಯಾರಿರಬೇಕು. ಹೂ ಬಿಟ್ಟ ಮೇಲೆ ಸೂಪರ್ ಹುಡುಕಿದರೆ ಆಯಿತು, ಮುಂದಿನ ವರ್ಷವೇ.

ಘಟ್ಟದಮೇಲೆ, ಶಿರಸಿ

ನಾನು ಮೇಲೆಯೇ ಇಡುತ್ತೇನೆ ಅಣ್ಣ. ಕೆಳಗೆ ಇಡಲು ತುಂಬಿದ ಸೂಪರ್ ಎತ್ತುವಾಗ ನೊಣ ಜಜ್ಜಿ ಹೋಗುತ್ತವೆ, ಮೇಲಿಟ್ಟರೆ ಬರೀ ಮುಚ್ಚಳ ತೆಗೆದರಾಯಿತು. ನಮ್ಮಲ್ಲಿ ನೇರಳೆ, ಮತ್ತಿ ಎಂದು ಹೂವು ಒಂದರ ಹಿಂದೆ ಒಂದು ಮೇ ತನಕ ಬರುತ್ತದೆ, ಅವಸರ ಇಲ್ಲ. ನಿಮ್ಮ ನಾಲ್ಕೈದು ದಿನದ ಹೂವಿಗೆ ನಿಮ್ಮ ಕ್ರಮವೇ ಸರಿ.

ಅಕ್ಕ, ಸೂಪರ್ ಇಟ್ಟ ಮೇಲೆ ಸಕ್ಕರೆ ಪಾಕ ಕೊಡಬೇಡಿ, ಅದು ನೇರ ತುಪ್ಪಕ್ಕೆ ಸೇರುತ್ತದೆ. ತೆಗೆಯುವಾಗ ಎರಿಯ ಮುಕ್ಕಾಲು ಭಾಗಕ್ಕಾದರೂ ಮೇಣದ ಮುಚ್ಚಳ ಇರಲಿ. ರಬ್ಬರ್ ತುಪ್ಪದಲ್ಲಿ ನೀರು ಜಾಸ್ತಿ, ಹಸಿಯಾಗಿರುವಾಗಲೇ ತೆಗೆದರೆ ಬಾಟಲಿಯಲ್ಲಿ ಹುಳಿ ಬಂದು ನೊರೆ ಉಕ್ಕುತ್ತದೆ. ಜೂನ್ ಮಳೆ ಹಿಡಿಯುವ ಮೊದಲು ಸೂಪರ್ ಇಳಿಸಿಬಿಡಿ, ಸಂಸಾರ ಕೋಣೆಯ ತುಪ್ಪ ಮುಟ್ಟಬೇಡಿ, ಮಳೆಗಾಲಕ್ಕೆ ಅವಕ್ಕೆ ಅದೇ ಊಟ. ಇಳಿಸಿದ ಎರಿಗೆ ಗಂಧಕದ ಹೊಗೆ ಕೊಟ್ಟು ಗಾಳಿಯಾಡದ ಹಾಗೆ ಕಟ್ಟಿಡಿ, ಮುಂದಿನ ಜನವರಿಗೆ ಯಾರ ಹತ್ತಿರವೂ ಕೇಳಬೇಕಿಲ್ಲ.

ತೋಟದಮನೆ, ಸುಳ್ಯ

ಹದಿನೆಂಟು ದಿನ ಆಯಿತು. ಪಾಲು ಮಾಡಿದ ಪೆಟ್ಟಿಗೆಯಲ್ಲಿ ರಾಣಿ ಎದ್ದಿದ್ದಾಳೆ, ಕೋಶದ ತುದಿ ಗುಂಡಗೆ ಕತ್ತರಿಸಿದ ಹಾಗೆ ತೆರೆದಿದೆ. ಮೊಟ್ಟೆ ಇನ್ನೂ ಕಂಡಿಲ್ಲ, ಮುಂದಿನ ವಾರ ನೋಡುತ್ತೇನೆ. ಹಳೆಯದಕ್ಕೆ ಮೊನ್ನೆ ಸೂಪರ್ ಇಟ್ಟೆ. ಇವತ್ತು ಮುಚ್ಚಳ ತೆಗೆದರೆ ಬಾಳೆ ನಾರು ಕಟ್ಟಿದ ತುಂಡಿನ ಎರಡೂ ಬದಿಗೆ ಹೊಸ ಎರಿ ಇಳಿದಿದೆ, ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ಭಾನುವಾರ ನೋಡಲು ಬರುತ್ತಾರಂತೆ. ಐದು ಎರಿಯದ್ದು ಈಗ ಏಳಾಗಿದೆ, ಅದಕ್ಕೂ ಫ್ರೇಮಿಗೆ ಮೇಣದ ಪಟ್ಟಿ ಅಂಟಿಸುತ್ತಾ ಕೂತಿದ್ದೇನೆ.