ತಿಮಿಂಗಿಲ ಸಾಯುವುದು ಪ್ಲಾಸ್ಟಿಕ್‌ನಿಂದಲಾ, ಬಲೆಯಿಂದಲಾ?

ಪ್ರಶ್ನೆ (ಮಾಜಾಳಿ): ಮೇಡಂ, ನಮ್ಮ ಕಡೆ ಮಳೆಗಾಲದಲ್ಲಿ ಒಮ್ಮೊಮ್ಮೆ ಸತ್ತ ತಿಮಿಂಗಿಲ ದಡಕ್ಕೆ ಬರುತ್ತದೆ. ತಕ್ಷಣ ವಾಟ್ಸಾಪಿನಲ್ಲಿ ‘ಪ್ಲಾಸ್ಟಿಕ್ ತಿಂದು ಸತ್ತಿದೆ’ ಅಂತ ಶುರು. ನಿಜವಾ?

ಉತ್ತರ (ಕಡಲಜೀವಿಗಳ ಪಶುವೈದ್ಯೆ): ಹೊಟ್ಟೆ ಕೊಯ್ದು ನೋಡದೆ ಹೇಳಲಿಕ್ಕೆ ಬರುವುದಿಲ್ಲ. ಪ್ಲಾಸ್ಟಿಕ್ ಕೊಲ್ಲುವುದಂತೂ ಹೌದು. 2019ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಸತ್ತ ಒಂದು ಕೊಕ್ಕಿನ ತಿಮಿಂಗಿಲದ ಹೊಟ್ಟೆಯಲ್ಲಿ 40 ಕಿಲೋ ಪ್ಲಾಸ್ಟಿಕ್ ಸಿಕ್ಕಿತ್ತು, ಅಕ್ಕಿ ಚೀಲಗಳೂ ಇದ್ದವು. ಈ ಜಾತಿಯವು ಕತ್ತಲ ಆಳದಲ್ಲಿ ಶಬ್ದ ಬಿಟ್ಟು, ಅದರ ಪ್ರತಿಧ್ವನಿ ಕೇಳಿಯೇ ಬೊಂಡಾಸ್ (ಸ್ಕ್ವಿಡ್) ಹಿಡಿಯುತ್ತವೆ. ಪ್ಲಾಸ್ಟಿಕ್ ಚೀಲದಿಂದಲೂ ಹೆಚ್ಚುಕಡಿಮೆ ಅಂಥದ್ದೇ ಪ್ರತಿಧ್ವನಿ. ಅಗಿಯುವ ಅಭ್ಯಾಸವಿಲ್ಲ, ಸೀದಾ ನುಂಗುತ್ತವೆ.

ಆದರೆ ಜಾಸ್ತಿ ಸಾಯಿಸುವುದು ಬಲೆ. ತಿಮಿಂಗಿಲ, ಡಾಲ್ಫಿನ್ ಎಲ್ಲ ಸೇರಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 3 ಲಕ್ಷ ಬಲೆಗೆ ಸಿಕ್ಕಿ ಸಾಯುತ್ತವೆ ಎಂಬ ಅಂದಾಜಿದೆ. ಅವಕ್ಕೆ ಕಿವಿರಿಲ್ಲ, ಇರುವುದು ಶ್ವಾಸಕೋಶ. ಮೇಲೆ ಬರಲಾಗದಿದ್ದರೆ ಉಸಿರು ಕಟ್ಟುತ್ತದೆ. ದೊಡ್ಡವು ಬಲೆ ಹರಿದುಕೊಂಡು ಹೋಗುತ್ತವೆ, ಆದರೆ ಹಗ್ಗ ಬಾಲದ ಬುಡಕ್ಕೆ ಸುತ್ತಿಕೊಂಡೇ ಇರುತ್ತದೆ, ಈಜಿದಷ್ಟೂ ಮಾಂಸಕ್ಕೆ ಇಳಿಯುತ್ತದೆ, ಎಷ್ಟೋ ಸಲ ತಿಂಗಳುಗಟ್ಟಲೆ ನರಳಿ ಸಾಯುತ್ತವೆ. ಹೆಣ ತೀರಾ ಕೊಳೆತಿರದಿದ್ದರೆ ನಾನು ಮೊದಲು ನೋಡುವುದು ಬಾಲದ ಬುಡವನ್ನೇ.

ಪ್ರತಿಕ್ರಿಯೆ (ಬೈತಖೋಲ): ಅಂದರೆ ತಪ್ಪೆಲ್ಲ ನಮ್ಮದಾ? ಬಲೆ ಹರಿದರೆ ನಷ್ಟ ನಮಗೇ ಅಲ್ವಾ ಮೇಡಂ?

ಉತ್ತರ: ಬೇಕಂತ ಯಾರೂ ಹಿಡಿಯುವುದಿಲ್ಲ ಅಣ್ಣ. ನೀವು ತಾರ್ಲೆ (ಬೂತಾಯಿ) ಮೀನಿನ ಹಿಂಡಿನ ಹಿಂದೆ, ಬ್ರೈಡ್ಸ್ ಎಂಬ ಜಾತಿಯ ತಿಮಿಂಗಿಲವೂ ಅದೇ ಹಿಂಡಿನ ಹಿಂದೆ. ನನ್ನ ತಕರಾರು ಹರಿದ ಬಲೆಯನ್ನು ಅಲ್ಲೇ ನೀರಿಗೆ ಬಿಡುವುದಕ್ಕೆ. ನೈಲಾನ್ ಕೊಳೆಯುವುದಿಲ್ಲ, ಎಳೆಯುವವರಿಲ್ಲದಿದ್ದರೂ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಲೇ ಇರುತ್ತದೆ. ತುಂಡುಗಳನ್ನು ಬೋಟಿನಲ್ಲೇ ವಾಪಸ್ ತನ್ನಿ. ಜೀವಂತ ಸಿಕ್ಕಿದರೆ ಬೋಟಿನಿಂದಲೇ ಬಲೆ ಕತ್ತರಿಸಿ, ನೀರಿಗಿಳಿಯಬೇಡಿ, ಬಾಲದ ಒಂದು ಏಟು ಸಾಕು. ಮಹಾರಾಷ್ಟ್ರದಲ್ಲಿ ಸಂರಕ್ಷಿತ ಜೀವಿಯನ್ನು ಬಿಡಿಸಲು ಬಲೆ ಕತ್ತರಿಸಿದವರಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡುವ ಯೋಜನೆ ಇದೆ. ಬರೀ ಬುದ್ಧಿ ಹೇಳಿದರೆ ಬಲೆಯ ಸಾಲ ತೀರುತ್ತದಾ? ಮೀನುಗಾರರ ಸಂಘದವರು ಇದನ್ನು ಪಟ್ಟು ಹಿಡಿದು ಕೇಳಬೇಕು.

ಪ್ರಶ್ನೆ (ಶಿರಸಿ): ಬೀಚಿಗೆ ಹೋದಾಗ ಹೆಣ ಕಂಡರೆ? ಹುಡುಗರು ಮೇಲೆ ಹತ್ತಿ ಸೆಲ್ಫಿ ತೆಗೆಯುತ್ತಾರೆ.

ಉತ್ತರ: ಹತ್ತಬೇಡಿ ಮಾರಾಯ್ರೆ, ಒಳಗೆ ಗ್ಯಾಸ್ ತುಂಬಿ ಒಡೆಯಬಹುದು. ದೂರದಿಂದಲೇ ತಲೆ, ಬಾಲದ ಫೋಟೋ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಅಂಬರ್‌ಗ್ರೀಸ್ (‘ತಿಮಿಂಗಿಲದ ವಾಂತಿ’ ಎನ್ನುವ ದುಬಾರಿ ವಸ್ತು) ಆಸೆಗೆ ಕೈ ಹಾಕಬೇಡಿ, ಮಾರಲು ಹೋದರೆ ಕೇಸು. ಬ್ರೈಡ್ಸ್‌ನಲ್ಲಿ ಅದು ಇರುವುದೇ ಇಲ್ಲ, ಸುಮ್ನೆ ವಾಸನೆ ಕುಡಿದು ಬರಬೇಕಷ್ಟೆ.