ಅಮ್ಮನ ಸಿಬಿಸಿ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಜಾಸ್ತಿ ಬಂದಿದೆ, ಏನರ್ಥ ಡಾಕ್ಟ್ರೇ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಅಮ್ಮನಿಗೆ 57 ವರ್ಷ. ಎರಡು ತಿಂಗಳಿಂದ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಸಿಬಿಸಿ ಮಾಡಿಸಿದೆವು. ಹಿಮೋಗ್ಲೋಬಿನ್ 9.1, ಕೆಂಪು ರಕ್ತಕಣ 41 ಲಕ್ಷ, ಎಂಸಿವಿ 70, ಆರ್‌ಡಿಡಬ್ಲ್ಯು 18, ಬಿಳಿ ರಕ್ತಕಣ 7,200, ಪ್ಲೇಟ್‌ಲೆಟ್ 4.9 ಲಕ್ಷ. ಪ್ಲೇಟ್‌ಲೆಟ್ ನೋಡಿ ಭಯವಾಗಿದೆ. ಕ್ಯಾನ್ಸರ್ ಇರಬಹುದಾ?

ಉತ್ತರ: ಬಿಳಿ ರಕ್ತಕಣ ಸರಿಯಾಗಿದೆ. ಪ್ಲೇಟ್‌ಲೆಟ್ ಬಗ್ಗೆ ಈಗ ಗಾಬರಿ ಬೇಡ. ಮೈಯಲ್ಲಿ ಕಬ್ಬಿಣದಂಶ ಕಡಿಮೆಯಾದಾಗ ಅದು ಇಷ್ಟು ಏರುವುದುಂಟು, ಕಬ್ಬಿಣ ತುಂಬಿದ ಹಾಗೆ ಇಳಿಯುತ್ತದೆ.

ನನ್ನ ಕಣ್ಣು ಹೋಗಿದ್ದು ಎಂಸಿವಿ ಮೇಲೆ. ಅದು ಕೆಂಪು ಕಣದ ಸರಾಸರಿ ಗಾತ್ರ. 80ರಿಂದ 100 ಇರಬೇಕು. ಅಮ್ಮನ ಕಣಗಳು ಸಣ್ಣದಾಗಿವೆ. ಆರ್‌ಡಿಡಬ್ಲ್ಯು 18 ಅಂದರೆ ಎಲ್ಲ ಕಣ ಒಂದೇ ಅಳತೆಯಲ್ಲೂ ಇಲ್ಲ. ಜರಡಿ ಹಿಡಿಯದ ರವೆಯಲ್ಲಿ ದಪ್ಪ, ಸಣ್ಣ ಬೆರೆತಿರುತ್ತದಲ್ಲ, ಹಾಗೆ. ಥಲಸೀಮಿಯಾ ಅನ್ನುವ ವಂಶಪಾರಂಪರ್ಯ ರಕ್ತದ ಕಾಯಿಲೆಯ ವಾಹಕರಲ್ಲೂ ಕಣ ಸಣ್ಣದಿರುತ್ತದೆ, ಆದರೆ ಅವರಲ್ಲಿ ಹೆಚ್ಚಾಗಿ ಕೆಂಪು ಕಣಗಳ ಎಣಿಕೆ ಜಾಸ್ತಿ ಇರುತ್ತದೆ, ಅಮ್ಮನದು ಜಾಸ್ತಿ ಇಲ್ಲ. ಹಾಗಾಗಿ ಇದು ಕಬ್ಬಿಣದ ಕೊರತೆ ಅಂತಲೇ ನನಗೆ ಅನ್ನಿಸುತ್ತದೆ. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ಗೊತ್ತಾಗುತ್ತದೆ. ಅಮ್ಮನಿಗೆ ಮುಟ್ಟು ನಿಂತಿದೆಯಾ? ಯಾವುದಾದರೂ ಮಾತ್ರೆ ತಗೋತಾರಾ?

ಪ್ರಶ್ನೆ: ನಿಂತು ಐದು ವರ್ಷವಾಯಿತು. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ಆರು ತಿಂಗಳಿಂದ ದಿನಾ ನುಂಗುತ್ತಾರೆ. ಪಕ್ಕದ ಮನೆಯ ಆಂಟಿ ಬೀಟ್‌ರೂಟ್ ಜ್ಯೂಸ್ ಕೊಡಿ ಸಾಕು ಅಂದರು.

ಉತ್ತರ: ಬೀಟ್‌ರೂಟ್ ಬಣ್ಣ ಕೆಂಪು ಅಷ್ಟೆ, ಅದರಲ್ಲಿ ಕಬ್ಬಿಣ ಜಾಸ್ತಿ ಇಲ್ಲ. ಮುಟ್ಟು ನಿಂತ ಮೇಲೂ ಕಬ್ಬಿಣ ಖಾಲಿಯಾಗುತ್ತಿದ್ದರೆ, ಅದು ಎಲ್ಲಿ ಸೋರುತ್ತಿದೆ ಅಂತ ಹುಡುಕಲೇಬೇಕು. ನೋವಿನ ಮಾತ್ರೆ ದಿನಾ ನುಂಗಿದರೆ ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಜಿನುಗಬಹುದು. ದಯವಿಟ್ಟು ಡಾಕ್ಟರನ್ನು ಕೇಳದೆ ಆ ಮಾತ್ರೆ ಮತ್ತೆ ಕೊಡಬೇಡಿ.

ಕ್ಯಾನ್ಸರ್ ಕೇಳಿದಿರಿ. ಸಿಬಿಸಿ ಒಂದರಿಂದ ಹೌದು, ಇಲ್ಲ ಎರಡೂ ಹೇಳಲು ಆಗುವುದಿಲ್ಲ. ಈ ವಯಸ್ಸಿನಲ್ಲಿ ಹೊಟ್ಟೆ, ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿ, ಕೊಲನೋಸ್ಕೋಪಿ ಬೇಕಾಗಬಹುದು, ಬೇಡ ಅನ್ನಬೇಡಿ. ಇನ್ನೊಂದು, ಕಬ್ಬಿಣದ ಮಾತ್ರೆ ಶುರು ಮಾಡುವ ಮುಂಚೆ ಮಲದ ಬಣ್ಣ ಕೇಳಿಕೊಳ್ಳಿ. ಹೊಟ್ಟೆಯೊಳಗೆ ರಕ್ತ ಜಿನುಗಿದರೆ ಮಲ ಕಪ್ಪಾಗುತ್ತದೆ, ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆಮೇಲೆ ಯಾವುದರಿಂದ ಅಂತ ತಿಳಿಯುವುದು ಕಷ್ಟ.

ಪ್ರಶ್ನೆ: ಈಗಷ್ಟೇ ಕೇಳಿದೆ. ಹದಿನೈದು ದಿನದಿಂದ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿದೆಯಂತೆ. ಹೇಳಲು ಸಂಕೋಚವಾಗಿ ಸುಮ್ನಿದ್ದರಂತೆ.

ಉತ್ತರ: ನಾಳೆ ಅನ್ನಬೇಡಿ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಿಪೋರ್ಟ್ ಜೊತೆ ಆ ನೋವಿನ ಮಾತ್ರೆಯ ಸ್ಟ್ರಿಪ್ಪೂ ಕೈಯಲ್ಲಿರಲಿ.